ಅತ್ತೆಯನ್ನು ಡಬ್ಬಕ್ಕೆ ಹಾಕಬೇಡಿ: ಮೂರನೇ ಮಹಡಿಯ ಡಿಜೆಯವರಿಗೆ ಎರಡನೇ ಮಹಡಿಯ ಅಹವಾಲು

ಮಾನ್ಯರೇ,

ಈಗ ಬೆಳಗಿನ ಜಾವ ಮೂರು ಗಂಟೆ ಹತ್ತು ನಿಮಿಷ. ತಮ್ಮ ನೆಲವನ್ನೇ ತನ್ನ ಸೂರಾಗಿ ಪಡೆದ ಭಾಗ್ಯಶಾಲಿ, ತಮ್ಮ ಕೆಳಮನೆಯವಳು, ಏಳು ತಿಂಗಳ ಹೆಣ್ಣುಮಗುವಿನ ತಾಯಿ, ಅನಂತ ವಂದನೆಗಳೊಂದಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಗೋಡೆಗೊರಗಿ ನಿಂತಲ್ಲೇ ತೂಕಡಿಸುತ್ತಿದ್ದ ನನ್ನನ್ನು ತಮ್ಮ ಮನೆಯಿಂದ ಬಂದ ‘ಪರ್ರ್’ ಎಂಬ ಸದ್ದು ಎಬ್ಬಿಸಿತು. ಅದು ರಟ್ಟಿನ ಡಬ್ಬಕ್ಕೆ ಟೇಪು ಸುತ್ತುವ ಸದ್ದೆಂದು ನನಗೆ ತಕ್ಷಣ ತಿಳಿಯಿತು. ನಮ್ಮ ಪುಟ್ಟಿಗೆ ತಿಳಿಯಲಿಲ್ಲ. ತಾವು ಮತ್ತೆ ರೆಕಾರ್ಡು ಕೆರೆಯಲು ಶುರುಮಾಡಿದಿರೆಂದು ಆಕೆ ಅಳು ನಿಲ್ಲಿಸಿ, ಮೇಲೆ ನೋಡಿ, ಇರುವ ಒಂದೇ ಹಲ್ಲನ್ನು ತೋರಿಸಿ ನಕ್ಕಳು. ಮೋಸ ಗೊತ್ತಾದ ಮೇಲೆ ಅವಳು ಮಾಡಿದ ಸದ್ದನ್ನು ಹೆಡ್‌ಫೋನು ಹಾಕಿಕೊಂಡಿದ್ದ ತಾವು ಕೇಳಿರಲಾರಿರಿ. ನಾನು ಮೂರು ಸಲ ಬಾಗಿಲು ಬಡಿದದ್ದೂ ತಮಗೆ ಕೇಳಿಸಲಿಲ್ಲ.

ಮೆಟ್ಟಿಲ ಬಳಿಯ ಸೂಚನಾ ಫಲಕದಲ್ಲಿ ಇದರ ಪ್ರತಿಯನ್ನು ಓದುತ್ತಿರುವ ಇತರ ನಿವಾಸಿಗಳಿಗೆ ಒಂದು ಮಾತು. ಮೇಲಿನವರು ಟರ್ನ್‌ಟೇಬಲ್ ಪರೀಕ್ಷಕರು. ಡಿಜೆಗಳು ಒಂದು ಹಾಡಿಗೆ ಇನ್ನೊಂದನ್ನು ಬೆಸೆಯಲು, ತಿರುಗುವ ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ಉಜ್ಜಿ ‘ವಿಕ್ಕ ವಿಕ್ಕ’ ಎನ್ನಿಸಲು ಬಳಸುವ ಯಂತ್ರಗಳನ್ನು ಬೇರೆ ಬೇರೆ ಕಂಪನಿಗಳಿಂದ ತರಿಸಿ, ಹೋಲಿಸಿ, ಅಂಕ ಕೊಟ್ಟು, ಗೆದ್ದದ್ದನ್ನು ಇಟ್ಟುಕೊಂಡು ಉಳಿದವನ್ನು ವಾಪಸ್ ಕಳಿಸುವುದು ಅವರ ವೃತ್ತಿ. ಈ ಸಲ ಮೂರು ಕಂಪನಿಗಳವು ಬಂದಿದ್ದವು. ಸೂರು ನನಗೆ ಕಂಪನಿಯ ಹೆಸರು ಹೇಳಲಿಲ್ಲವಾದ್ದರಿಂದ ನಾನೇ ನಾಮಕರಣ ಮಾಡಿಕೊಂಡೆ.

ಮೊದಲು ಬಂದದ್ದು ಅತ್ತೆ. ಪುಟ್ಟಿ ಇನ್ನೂ ಹೊಟ್ಟೆಯಲ್ಲಿದ್ದಾಗಲೇ ಬಂದ ಭಾರೀ ಯಂತ್ರ; ತಟ್ಟೆಯ ಕೆಳಗೇ ಮೋಟಾರು; ಕೈಯಿಟ್ಟು ತಡೆದರೆ ತಡೆದಷ್ಟು ಹೊತ್ತು ಒಳಗೊಳಗೇ ಗುಂಯ್‌ಗುಟ್ಟುತ್ತಾ, ಕೈ ತೆಗೆದ ಕ್ಷಣವೇ ಬಿಟ್ಟ ಮಾತಿನಿಂದ ಮುಂದುವರಿಯುವ ಸ್ವಭಾವ. ಹೋದ ತಿಂಗಳು ಬಂದವಳು ಹೊಸ ಸೊಸೆ. ಅವಳಿಗೆ ಮೋಟಾರು ಒಂದು ಕಡೆ, ತಟ್ಟೆ ಒಂದು ಕಡೆ, ನಡುವೆ ರಬ್ಬರ್ ಪಟ್ಟಿಯ ಸಂಬಂಧ. ಹಿಂದಕ್ಕೆ ಉಜ್ಜಿದರೆ ಪಟ್ಟಿ ಜಾರಿ, ಮುನಿಸಿಕೊಂಡು, ಸಮಾಧಾನವಾಗಿ ವೇಗಕ್ಕೆ ಬರುವಷ್ಟರಲ್ಲಿ ಜೊತೆಯ ಹಾಡು ಮೂಲೆ ದಾಟಿ ಹೋಗಿರುತ್ತಿತ್ತು. ಕೊನೆಯವನು ಅಳಿಯ: ಅತ್ತೆಯಷ್ಟೇ ಬಲ, ಎಷ್ಟು ಉಜ್ಜಿದರೂ ರೆಕಾರ್ಡಿನಿಂದ ಮುಳ್ಳು ಹಾರದ ನೇರ ತೋಳು, ಇದ್ದಾನೋ ಇಲ್ಲವೋ ಎಂಬಷ್ಟು ಸಭ್ಯ.

ಮೂವರನ್ನೂ ತಾವು ಸ್ಪೀಕರಿನಲ್ಲಿ ಪರೀಕ್ಷಿಸಿದ ವಾರದಲ್ಲಿ ನಮ್ಮ ತೊಟ್ಟಿಲಲ್ಲೂ ಪರೀಕ್ಷೆ ನಡೆಯಿತು. ಸೊಸೆಗೆ ಪುಟ್ಟಿ ಮುಖ ಗಂಟು ಹಾಕಿದಳು. ಅಳಿಯನಿಗೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಅತ್ತೆ ಎರಡು ಸಲ ‘ವಿಕ್ಕ ವಿಕ್ಕ’ ಎಂದಳೋ ಇಲ್ಲವೋ, ಮುಷ್ಟಿ ಸಡಿಲ, ಬಾಯಿ ತೆರೆದದ್ದು ತೆರೆದಂತೆಯೇ, ನಾಲ್ಕು ಗಂಟೆ ನಿದ್ದೆ. ನನ್ನ ಅಮ್ಮ ಫೋನಿನಲ್ಲಿ, “ಹೊಟ್ಟೇಲಿದ್ದಾಗ ಕೇಳಿದ್ದೇ ಜೋಗುಳ ಕಣೇ, ನೀನು ಮಿಕ್ಸಿ ಸದ್ದಿಗೆ ಮಲಗ್ತಿದ್ದೆ” ಎಂದರು.

ಇದು ತಿಳಿಯುವ ಮೊದಲೇ ನಾನು ಮಾಡಿದ್ದೇನು? ಬಾಣಂತಿಯಾಗಿದ್ದಾಗ ಅತ್ತೆಯ ವಿರುದ್ಧ ಮೂರು ದೂರು ಬರೆದಿದ್ದೆ. ಓದಿದವಳಾದ್ದರಿಂದ ಒಂದೊಂದಕ್ಕೂ ಉಪಶೀರ್ಷಿಕೆ ಹಾಕಿದ್ದೆ. ಮೊನ್ನೆ ತಾವು ಜಾಲತಾಣದಲ್ಲಿ ಹಾಕಿದ ಅಂಕಪಟ್ಟಿಯನ್ನು ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಮೊಬೈಲು ಹಿಡಿದು ಓದಿದೆ. ಬಲದಲ್ಲಿ ಅತ್ತೆ, ಅಳಿಯ ಸಮ. ಕೆರೆತದಲ್ಲಿ ಅತ್ತೆ ಒಂದು ಅಂಕ ಮುಂದೆ. ಕೊನೆಯ ಕಾಲಂ, ‘ಕೆಳಮನೆಯ ತಕರಾರು’: ದೂರಿಗೊಂದು ಅಂಕ ಕಡಿತ, ಅತ್ತೆಗೆ ಮೂರು ಖೋತಾ, ಅಳಿಯನಿಗೆ ಒಂದೂ ಇಲ್ಲ. ಅಳಿಯ ಉಳಿಯುತ್ತಾನೆ, ಅತ್ತೆ ಬೆಳಿಗ್ಗೆ ಏಳಕ್ಕೆ ಸಾಗಣೆಯವರ ಗಾಡಿ ಹತ್ತುತ್ತಾಳೆ. ತಾವಾದರೋ ದೊಡ್ಡ ಮನಸ್ಸಿನಿಂದ, ಕೆಳಮನೆಯವರ ನೆಮ್ಮದಿಗಾಗಿ ಇನ್ನು ಹೆಡ್‌ಫೋನೇ ಗತಿ ಎಂದು ಬರೆದಿದ್ದೀರಿ. ತಮ್ಮಂಥ ಕರುಣಾಳುಗಳು ಕಟ್ಟಡಕ್ಕೊಬ್ಬರಿದ್ದರೆ ಸಾಕು, ಇಡೀ ಊರಿನ ಮಕ್ಕಳು ಎಚ್ಚರವಾಗಿರುತ್ತಾರೆ.

ಇದು ಮೂರನೇ ರಾತ್ರಿ. ನಮ್ಮ ಮನೆಯವರು ಪ್ರಯಾಣದ ಚೀಲದ ಜಿಪ್ಪನ್ನು ಮಗುವಿನ ಕಿವಿಯ ಹತ್ತಿರ ಹಿಂದೆ ಮುಂದೆ ಎಳೆದು ನೋಡಿದರು. ಪುಟ್ಟಿ ಅವರನ್ನು ನಕಲಿ ನೋಟು ನೋಡಿದ ಗುಮಾಸ್ತೆಯಂತೆ ನೋಡಿದಳು. “ಸದ್ದು ಅಂತ ಜಗಳ ಆಯ್ತು, ಈಗ ಸದ್ದಿಲ್ಲ ಅಂತ ಜಗಳ. ನಿಂಗೇನ್ ಬೇಕು ಅಂತ ಬರ್ಕೊಟ್ಬಿಡು ಮಹಾತಾಯಿ” ಎಂದು ಅವರು ದಿಂಬಿನಡಿ ತಲೆ ಹಾಕಿದರು. ಅದಕ್ಕೇ ಬರೆದುಕೊಡುತ್ತಿದ್ದೇನೆ.

ನನ್ನ ಮೂರೂ ದೂರುಗಳನ್ನು, ಉಪಶೀರ್ಷಿಕೆಗಳ ಸಮೇತ, ಬೇಷರತ್ತಾಗಿ ಹಿಂಪಡೆದಿದ್ದೇನೆ. ಅತ್ತೆಯನ್ನು ಬರಿಯ ಮರದ ಮೇಜಿನ ಮೇಲೆ, ನಮ್ಮ ತೊಟ್ಟಿಲಿಗೆ ನೇರವಾಗಿ ಮರುಸ್ಥಾಪಿಸಬೇಕು. ಸಂಜೆ ಏಳೂವರೆಗೆ ಒಮ್ಮೆ, ನಡುರಾತ್ರಿ ಒಮ್ಮೆ ಕೆರೆಯಬೇಕು; ತಾವು ಊರಿಗೆ ಹೋಗುವುದಿದ್ದರೆ ಬದಲಿ ಡಿಜೆಯನ್ನು ನೇಮಿಸಬೇಕು. ಹಲ್ಲು ಬರುವ ದಿನಗಳಲ್ಲಿ ಹೆಚ್ಚುವರಿ ಪಾಳಿ. ಮಗು ಶಾಲೆಗೆ ಸೇರುವವರೆಗೆ ಸಾಕು, ಆಮೇಲೆ ತಾವು ಸ್ವತಂತ್ರರು. ಅತ್ತೆ ಮನೆ ಬಿಟ್ಟು ಹೋಗಬಾರದೆಂದು ಸೊಸೆಯೊಬ್ಬಳು ಕೈಯಾರೆ ಅರ್ಜಿ ಬರೆದದ್ದು ಇದೇ ಮೊದಲಿರಬೇಕು. ಆ ಒಂದು ಕಾರಣಕ್ಕಾದರೂ ತಾವು ಕರಗಬೇಕು.

ತಮ್ಮ ಬಾಗಿಲಡಿ ಈ ಕಾಗದ ತೂರಿಸಿ, ಹೆಡ್‌ಫೋನು ತೆಗೆಯುವ ಗಳಿಗೆಯನ್ನೇ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಕೆಳಮನೆಯವಳು

ತಾ.ಕ.: ಅಳಿಯನು ಮಿತಿಮೀರಿ ಸದ್ದಿಲ್ಲದೆ ಇರುತ್ತಾನೆಂದು ಆಪಾದಿಸುವ ಪ್ರತ್ಯೇಕ ದೂರುಗಳು ಮೂರು, ಇದರೊಂದಿಗೆ ಲಗತ್ತಾಗಿವೆ. ಅಂಕಪಟ್ಟಿಯನ್ನು ಈಗ ಮತ್ತೊಮ್ಮೆ ಕೂಡಿ ನೋಡಿ; ಗೆದ್ದವರು ಯಾರೆಂದು ನನಗಿಂತ ತಮಗೇ ಚೆನ್ನಾಗಿ ತಿಳಿಯುತ್ತದೆ. ನನ್ನ ಫೋನ್ ಸಂಖ್ಯೆ ಹಿಂಬದಿಯಲ್ಲಿದೆ. ಗಾಡಿ ಬರುವ ಮೊದಲು, ಬೆಳಕು ಹರಿಯುವ ಮೊದಲು, ದಯವಿಟ್ಟು ಒಂದು ಫೋನ್ ಮಾಡಿ. ಮಾತಾಡುವ ಶ್ರಮವೂ ಬೇಡ. ಟೇಪು ಬಿಚ್ಚಿ, ಫೋನನ್ನು ಅತ್ತೆಯ ಪಕ್ಕದಲ್ಲಿಟ್ಟು ಎರಡೇ ಎರಡು ಸಲ ಕೆರೆಯಿರಿ. ರಿಂಗಾದರೆ ಮಗು ಎದ್ದೀತೆಂಬ ಸಂಕೋಚ ಬೇಡ. ಎದ್ದೇ ಇದ್ದಾಳೆ.