ನಕಾಶೆಯಲ್ಲಿ ಎಮ್ಮಿಯ ಮುಖ

ನಾನು ಮೊದಲ ಸಲ ಓಡಿಹೋದದ್ದು ಒಂದು ಸೋಮವಾರ, ಆರನೇ ಇಯತ್ತೆಯ ಗಣಿತ ಪರೀಕ್ಷೆಯ ದಿನ. ಭಾಲ್ಕಿಯ ಸಾಲಿ ಎದುರಿಗೇ ಬೀದರ ಬಸ್ಸು ನಿಂತಿತ್ತು, ಹತ್ತಿಬಿಟ್ಟೆ. ಅಂದಿನಿಂದ ಕಾಲು ಒಂದು ಕಡೆ ನಿಂತಿಲ್ಲ. ಆದರೆ ಹೋದಲ್ಲೆಲ್ಲ ಏನಾದರೊಂದು ಫಜೀತಿ ನನ್ನನ್ನೇ ಹುಡುಕಿಕೊಂಡು ಬರುತ್ತದೆ.

ಹೋದ ವರ್ಷ ಒಂದು ದೊಡ್ಡ ಕಂಪ್ಯೂಟರ್ ಕಂಪನಿ ನನ್ನನ್ನು ಡ್ರೈವರ್ ಅಂತ ತೆಗೆದುಕೊಂಡಿತು. ನೆತ್ತಿ ಮೇಲೆ ಕ್ಯಾಮೆರಾ ಹೊತ್ತ ಕಾರು. ಅದನ್ನು ಓಣಿ ಓಣಿ ಸುತ್ತಿಸಿದರೆ ಫೋನಿನ ನಕಾಶೆಯಲ್ಲಿ ಊರು ಕಾಣುತ್ತದಂತೆ. ತಿರುಗಾಡೋದಕ್ಕೇ ಪಗಾರ! ಅಕ್ಕ ಮಾತ್ರ ಹೇಳಿಬಿಟ್ಟಳು: "ಇದೂ ನೌಕರಿ ಹೋತಂದ್ರ ನನ್ನ ಮನಿಯಾಗ ಇರಬ್ಯಾಡ ನೋಡು."

ಮನಶ್ಶಾಂತಿ

ದೊಡ್ಡ ಕಂಪನಿಯ ಲಾಭ ಏನಂದ್ರೆ, ನಮ್ಮ ಮನಸ್ಸಿನ ಚಿಂತೆಯೂ ಅವರದೇ. ಬೀದರದ ಸಂತಿ ಗದ್ದಲದಲ್ಲಿ ಗಾಡಿ ನುಗ್ಗಿಸುತ್ತಿದ್ದಾಗ ಫೋನಿನಲ್ಲಿ ಡ್ರೈವರರಿಗೆಲ್ಲ ಧ್ಯಾನ ಹೇಳಿಕೊಡುವ ಒಬ್ಬ ಮೇಡಂ ಬಂದರು.

"ಎಲ್ಲರೂ ಕಣ್ಣು ಮುಚ್ಚಿ."

"ಮೇಡಂ, ಗಾಡಿ ಓಡಸ್ಲತ್ತೀನ್ರಿ."

"ಪರವಾಗಿಲ್ಲ, ನಿಧಾನಕ್ಕೆ ಮುಚ್ಚಿ."

ಮ್ಯಾನೇಜರ್

ನಷ್ಟ ಏನಂದ್ರೆ, ಗಾಡಿ ನಿಂತರೆ ಬೆಂಗಳೂರಿನ ಸಾಹೇಬರಿಗೆ ಕಾಣುತ್ತದೆ. ಔರಾದ ರಸ್ತೆಯಲ್ಲಿ ಕುರಿ ಹಿಂಡು ಅಡ್ಡ ಬಂತು. ಕೂಡಲೇ ಫೋನು.

"ಯಾಕ್ರೀ ನಿಂತಿದ್ದೀರಾ?"

"ಕುರಿ ಅದಾವ್ರಿ."

"ಅವರ ಮ್ಯಾನೇಜರ್ ಹತ್ರ ಮಾತಾಡಿ."

ಕುರಿಯವನಿಗೆ ಅದನ್ನೇ ಹೇಳಿದೆ. ಅವನು ಮುಂದಿದ್ದ ಟಗರು ತೋರಿಸಿದ. "ಅದೇ ನೋಡಪಾ. ಮಾತಾಡು, ಆದ್ರ ಹಾಯ್ತದ."

ಎಮ್ಮಿ

ಸಂತಪುರದಲ್ಲಿ ಒಬ್ಬ ಕಾಕಾ ಹೊಸ ರುಮಾಲು ಸುತ್ತಿ, ಎಮ್ಮಿ ಹಿಡಿದು, ಮೀಸೆ ತಿರುವಿ ಕ್ಯಾಮೆರಾಕ್ಕೆ ನಿಂತಿದ್ದ. ಮತ್ತೊಮ್ಮೆ ಆ ಓಣಿಗೆ ಹೋದರೆ ರಸ್ತೆಗೆ ಹೊರಸು ಮಂಚ ಅಡ್ಡ ಇಟ್ಟು ಕೂತಿದ್ದಾನೆ!

"ತಮ್ಮಾ, ನನ್ನ ಮುಖ ಎಲ್ಲಿ ಒಯ್ದಿ? ನಕಾಶೆದಾಗ ಎಮ್ಮಿ ಮುಖ ಸ್ವಚ್ಛ ಅದ, ನಂದು ಮಬ್ಬು! ಅಳಿಯ ಬಿದ್ದುಬಿದ್ದು ನಗ್ಲತ್ತಾನ."

ಸಾಹೇಬರಿಗೆ ಫೋನು ಹಚ್ಚಿದೆ. "ಮನುಷ್ಯರ ಮುಖ ಮಿಷಿನ್ನೇ ಮಬ್ಬು ಮಾಡುತ್ತೆ, ಅದು ನಿಯಮ. ದನಕ್ಕೆ ನಿಯಮ ಇಲ್ಲ."

ಕಾಕಾ ಫೋನಿಗೇ ಬಾಯಿ ಹಾಕಿದ: "ಹಂಗಿದ್ರ ನನ್ನೂ ಎಮ್ಮಿ ಅಂತ ತಿಳ್ಕೊರಿ ಸಾಹೇಬ್ರ, ಮುಖ ತೋರಸ್ರಿ!"

ಸಾಹೇಬರು ಫೋನು ಇಟ್ಟರು. ಕಾಕಾ ಒಳಗೆ ಹೋಗಿ ಎರಡು ಸೊಟ್ಟ ಕಟ್ಟಿಗೆ ರುಮಾಲಿಗೆ ಸಿಗಿಸಿ, ಬಾಯಲ್ಲಿ ಮೇವು ಕಚ್ಚಿ ಬಂದು ಎಮ್ಮಿಯ ಪಕ್ಕ ನಿಂತ. ಫೋಟೊ ಹೊಡೆಯದೆ ಹೊರಸು ಎತ್ತುವುದಿಲ್ಲ ಅಂದ. ಗಾಡಿ ನಿಂತರೂ ನೌಕರಿಗೆ ಕುತ್ತು, ಹೊಡೆದೆ.

ಮಿಷಿನ್ನು ಮೋಸ ಹೋಯಿತು. ನಕಾಶೆಯಲ್ಲಿ ಕೋಡಿನ ಕಾಕಾನ ಮುಖ ಫಳಫಳ, ಎಮ್ಮಿಯ ಮುಖ ಮಬ್ಬು!

ಅಷ್ಟು ದಿನ ನನಗೆ ಬೆಂಗಳೂರಿನವರೊಬ್ಬರೇ ಸಾಹೇಬರು. ಆ ಫೋಟೊಕ್ಕೆ ನನ್ನನ್ನು ತೆಗೆದುಹಾಕುವ ದಿನ ಕಂಪನಿಯ ಎಲ್ಲರೂ ನನ್ನ ಸಾಹೇಬರಾದರು.

ಅಕ್ಕ ಸಿಟ್ಟಿನಲ್ಲೇ ರೊಟ್ಟಿ ಬಡಿಯುತ್ತಿದ್ದಳು, ನಾನು ಬ್ಯಾಗಿಗೆ ಅಂಗಿ ತುಂಬುತ್ತಿದ್ದೆ. ಆಗ ಕಾಕಾನ ಫೋನು.

"ತಮ್ಮಾ, ಲಗೂನ ಬಾ. ಎಮ್ಮಿ ಕೊಳ್ಳಲಿಕ್ಕೆ ಗಿರಾಕಿ ಬಂದಾನ. ನಕಾಶೆ ನೋಡಿ ಕೇಳ್ಲತ್ತಾನ, ಅದರ ಮುಖ ಯಾಕ ಮುಚ್ಚೀರಿ, ಏನ್ ಐಬು ಅದ ಅಂತ!"