ದೇವಿದಾಸರ ನಿಯಂತ್ರಣ ಪೀಠ

ಕದ್ವಾಡದ ದೇವಿದಾಸರಿಗೆ ಎರಡು ಕೊರಗು. ವಿದ್ಯುದಾಗಾರದ ಕಂಟ್ರೋಲ್ ರೂಮಿನಲ್ಲಿ ಕುಳಿತಲ್ಲಿಂದಲೇ ಊರೂರಿಗೆ ಬೆಳಕು ಕಳಿಸುವ ತಾವು, ಮನೆಯಲ್ಲಿ ಮಾತ್ರ ಪಂಪಿಗೊಮ್ಮೆ ಹಿತ್ತಲಿಗೆ, ಫ್ಯಾನಿಗೊಮ್ಮೆ ಜಗಲಿಗೆ ಓಡಬೇಕು! ಇನ್ನೊಂದು ಕೊರಗು ಹೆಂಡತಿಯ ತಮ್ಮ ಮಧುಕರ. ಶೆಟಗೇರಿಯಿಂದ ಬಂದಾಗಲೆಲ್ಲ, "ಭಾವ, ಗುಂಡಿ ಒತ್ತೂದಕ್ಕೂ ಸಂಬಳ ಕೊಡ್ತಾರಾ?" ಎಂದು ಹಲ್ಲು ಕಿರಿಯುತ್ತಿದ್ದ.

ದೇವಿದಾಸರು ರಜೆ ಹಾಕಿದರು. ಗೋಡೆಗಳ ಸ್ವಿಚ್ಚುಗಳನ್ನೆಲ್ಲ ಕಿತ್ತು, ಅಡುಗೆಮನೆ ಪಕ್ಕದ ಕೋಣೆಯಲ್ಲಿ ಒಂದೇ ಹಲಗೆಯ ಮೇಲೆ ತಂದು ಕೂರಿಸಿದರು. ಪಂಪು, ಮಿಕ್ಸರು, ಫ್ಯಾನು, ಟಿವಿ, ತುಳಸಿಕಟ್ಟೆಯ ದೀಪ, ಎಲ್ಲಕ್ಕೂ ಕೆಂಪು ಹಸಿರು ಬಲ್ಬುಗಳು. ಎದುರಿಗೊಂದು ಕೈಯಿರುವ ಕುರ್ಚಿ. 'ನಿಯಂತ್ರಣ ಪೀಠ' ಎಂದು ನಾಮಕರಣವೂ ಆಯಿತು. (ಟಿವಿ ಇದ್ದದ್ದು ಜಗಲಿಯಲ್ಲಿ. ಪೀಠದಿಂದ ಅದನ್ನು ಹಚ್ಚಬಹುದಿತ್ತು, ನೋಡುವಂತಿರಲಿಲ್ಲ. ಮಹತ್ಕಾರ್ಯಗಳಲ್ಲಿ ಇಂಥ ಸಣ್ಣಪುಟ್ಟ ಲೋಪ ಇದ್ದದ್ದೇ.)

ಭಾನುವಾರ ಮ್ಯಾಚ್ ನೋಡಲು ಬಂದ ಮಧುಕರನೆದುರು ದೇವಿದಾಸರು ಕಂಟ್ರೋಲ್ ರೂಮಿನ ನಿಯಮ ಸಾರಿದರು.

"ಕೇಳು ಮಾರಾಯ, ತರಬೇತಿ ಇಲ್ಲದವರು ಬೋರ್ಡು ಮುಟ್ಟೂಕಾಗ. ಬದಲಿ ಜನ ಬರೂವರೆಗೆ ಕೂತವ ಏಳೂಕಾಗ. ನೆರೆ ಬರ್ಲಿ, ಸಿಡಿಲು ಹೊಡೀಲಿ!"

"ಅಬ್ಬಾ ಭಾವ, ಇದು ಸಣ್ಣ ಕೆಲಸ ಅಲ್ಲ," ಎಂದ ಮಧುಕರ.

ಆ ಒಂದು ಮಾತಿಗೆ ದೇವಿದಾಸರ ಜನ್ಮ ಸಾರ್ಥಕವಾಯಿತು.

"ಮಿಕ್ಸರು!" ಅಡುಗೆಮನೆಯಿಂದ ಹೆಂಡತಿ ಗಂಗೂ ಕೂಗಿದಳು. ಒತ್ತಿದರು. "ಸಾಕು!" ಆರಿಸಿದರು. "ಭಾವ, ಫ್ಯಾನು ಜೋರು!" ಜಗಲಿಯಿಂದ ಮಧುಕರ. "ಪಂಪು ಹಚ್ಚಿ!" ಮತ್ತೆ ಗಂಗೂ. ಯಾರೂ ಕೂತಲ್ಲಿಂದ ಏಳದೆ ಮನೆಯ ಕೆಲಸವೆಲ್ಲ ಸಲೀಸಾಗಿ ನಡೆಯಿತು. ಅಷ್ಟರಲ್ಲಿ ಹುರಿದ ಇಸೋಣ ಮೀನಿನ ವಾಸನೆ ಮೂಗಿಗೆ ಬಡಿಯಿತು. ದೇವಿದಾಸರು ಎದ್ದರು.

"ಎಲ್ಲಿಗೆ?" ಗಂಗೂ ಬಾಗಿಲಲ್ಲಿ ನಿಂತಿದ್ದಳು.

"ಊಟಕ್ಕೆ."

"ಪಂಪು ಓಡ್ತಾ ಉಂಟು. ಬದಲಿ ಜನ ಬಂದ್ರಾ?"

"ನೀನೇ ಸ್ವಲ್ಪ ಕೂತ್ಕೊಳ್ಳೇ."

"ನಂಗೆಲ್ಲಿ ತರಬೇತಿ ಉಂಟು?"

"ಮಧುಕರ, ನೀನಾದ್ರೂ ಬಾರೋ!"

"ಅಷ್ಟು ದೊಡ್ಡ ಜವಾಬ್ದಾರಿ ನನ್ನಿಂದ ಆಗೂದಲ್ಲ ಭಾವ," ಎಂದ ಮಧುಕರ, ಬಾಯಲ್ಲಿ ಮೀನಿನ ತುಂಡು ಇಟ್ಟುಕೊಂಡೇ.

ಎಲ್ಲವನ್ನೂ ಆರಿಸಿ ಎದ್ದು ಹೋಗಬಹುದಿತ್ತು. ಆದರೆ ಈಗಷ್ಟೇ ಸಿಕ್ಕ ಮರ್ಯಾದೆಯ ಗತಿ? ಮೀನು ನಾಳೆಯೂ ಸಿಕ್ಕೀತು. ದೇವಿದಾಸರು ಮತ್ತೆ ಕುಳಿತರು. ಗಂಗೂ ತಟ್ಟೆಯನ್ನು ಪೀಠಕ್ಕೇ ತಂದಿಟ್ಟಳು: ಅನ್ನ, ಸಾರು, ಇಸೋಣದ ಬಾಲ.

ಆಗ ಪಕ್ಕದ ಮನೆಯ ಸುಗಂಧಾ ಬಂದಳು. ಗಂಗೂ ಸೆರಗಿಗೆ ಕೈ ಒರೆಸುತ್ತ, ಎಂದೂ ಇಲ್ಲದ ಹೆಮ್ಮೆಯಿಂದ ಹೇಳಿದಳು:

"ನಾನೀಗ ಒಂದು ಸ್ವಿಚ್ಚೂ ಮುಟ್ಟೂದಿಲ್ಲ. ಕೂಗಿದ್ರೆ ಸಾಕು, ಎಲ್ಲಾ ಹತ್ತತದೆ, ಎಲ್ಲಾ ಆರ್ತದೆ."

ಒಳಗೆ ದೇವಿದಾಸರು ಬಾಲ ಚೀಪುವುದನ್ನು ಬಿಟ್ಟು ಮೀಸೆ ತಿರುವಿದರು.

"ಹೌದಾ! ಅಂಥದ್ದು ಎಲ್ಲಿ ಸಿಗ್ತದೆ? ಕಾರವಾರ ಪೇಟೇಲಾ?"

"ಪೇಟೇಲಿ ಸಿಗೂದಲ್ಲ ಸುಗಂಧಾ. ನಮ್ಮಪ್ಪ ಹುಡುಕಿ, ತಾಳಿ ಕಟ್ಟಿಸಿ ಕೊಟ್ಟದ್ದು."