ವಿಷ್ಣುಮೂರ್ತಿ ಹಿಡಿದ ಬಾವುಟ

ವಿಷ್ಣುಮೂರ್ತಿ ಆ ಸುಳ್ಳು ಹೇಳಿದಾಗ ಅವನ ಬಾಯಲ್ಲಿ ಅರ್ಧ ಗೋಳಿಬಜೆ ಇತ್ತು. ಬಾಯಿ ಪೂರ್ತಿ ತುಂಬಿದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ.

ನವಿ ಮುಂಬೈಯ ಮಹಾಪೆಯಲ್ಲಿ ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಅವನು ಸೂಪರ್‌ವೈಸರ್. ಎರಡು ಸಾವಿರದ ಏಳರಲ್ಲಿ ಕಂಪನಿ ಅವನನ್ನು ಮೂರು ತಿಂಗಳ ತರಬೇತಿಗೆ ಜಪಾನಿಗೆ ಕಳಿಸಿತ್ತು. ಹಿಂದಿರುಗಿದ ಮೇಲೆ ಡೊಂಬಿವಲಿ ಕನ್ನಡ ಸಂಘದ ಸಭೆ ಮುಗಿದು ಚಹಾ ಕುಡಿಯುವಾಗ ಯಾರೋ, "ಅಲ್ಲಿ ಪರದೇಶದವರನ್ನು ಹೇಗೆ ನೋಡ್ತಾರೆ?" ಎಂದು ಕೇಳಿದರು. ವಿಷ್ಣುಮೂರ್ತಿ ಒಸಾಕಾದ ಒಂದು ಭಾನುವಾರದ ಸಂಗತಿ ಶುರು ಮಾಡಿದ. ಅಲ್ಲಿಯ ಉಗ್ರ ದೇಶಾಭಿಮಾನಿಗಳ ಗುಂಪೊಂದು ಕಪ್ಪು ಲಾರಿಗೆ ಧ್ವನಿವರ್ಧಕ ಕಟ್ಟಿ, ಬಾವುಟ ಹಿಡಿದು, "ಪರದೇಶಿಗಳೇ, ತೊಲಗಿ" ಎಂದು ಕೂಗುತ್ತ ಬಂತು. ನಾಲ್ಕು ಜನ ಪರದೇಶದವರು ರಸ್ತೆಗೆ ಅಡ್ಡ ನಿಂತರು. ಇಲ್ಲಿಯವರೆಗೆ ಎಲ್ಲವೂ ನಿಜ. "ಆ ನಾಲ್ವರಲ್ಲಿ ಮುಂದೆ ನಿಂತವ ನಾನೇ. ಪೋಲೀಸಿನವರು ಬಂದು ನನಗೆ ಬಗ್ಗಿ ನಮಸ್ಕಾರ ಮಾಡಿದ್ರು" ಎಂದದ್ದು ಮಾತ್ರ ಗೋಳಿಬಜೆಯ ಮಹಿಮೆ.

ನಡೆದದ್ದು ಬೇರೆ. ಬಾವುಟ, ಧ್ವನಿವರ್ಧಕ, ಸಾಲಾಗಿ ಜನ, ಇದನ್ನೆಲ್ಲ ಕಂಡಾಗ ಡೊಂಬಿವಲಿಯಲ್ಲಿ ಹದಿನೈದು ಗಣಪತಿ ವಿಸರ್ಜನೆ ನೋಡಿದ ಮನುಷ್ಯನಿಗೆ ದೇವರ ಮೆರವಣಿಗೆಯೆಂದೇ ಅನಿಸಿತು. ಪಕ್ಕದಲ್ಲೇ ನಡೆದ. ಮುದುಕನೊಬ್ಬ ಅವನ ಕೈಗೊಂದು ಬಾವುಟ ಕೊಟ್ಟ. ಆ ದೇಶದಲ್ಲಿ ಯಾರು ಏನು ಕೊಟ್ಟರೂ ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಬಗ್ಗಿಸಬೇಕೆಂದು ತರಬೇತಿಯಲ್ಲಿ ಮೊದಲ ದಿನವೇ ಕಲಿಸಿದ್ದರು. ಹಾಗೇ ಮಾಡಿದ. ಅಡ್ಡ ನಿಂತ ಪರದೇಶದವರು ಅವನನ್ನು ನೋಡಿ ಇಂಗ್ಲಿಷಿನಲ್ಲಿ ಬೈದಾಗಲೇ ಅವನಿಗೆ ಅರ್ಥವಾದದ್ದು. ಪೋಲೀಸರು ಬಗ್ಗಿ ನಮಸ್ಕರಿಸಿದ್ದು ಹೌದು, ಆದರೆ ಆಮೇಲೆ ಅವನನ್ನೂ ಆ ನಾಲ್ವರನ್ನೂ ಮೊಣಕೈ ಹಿಡಿದು ಮೆಲ್ಲಗೆ ಗಲ್ಲಿಯೊಳಕ್ಕೆ ತಳ್ಳಿದರು. ಮೆರವಣಿಗೆ ಸಾಂಗವಾಗಿ ಮುಂದೆ ಹೋಯಿತು. ವಿಷ್ಣುಮೂರ್ತಿ ಹಾಸ್ಟೆಲಿಗೆ ಓಡಿ ಎರಡು ದಿನ ಅವಲಕ್ಕಿ ತಿಂದುಕೊಂಡು ಬಾಗಿಲು ಹಾಕಿ ಕೂತಿದ್ದ.

ಆದರೆ ಸುಳ್ಳಿನ ಫಲ ಸಿಹಿಯಾಗಿತ್ತು. ಮದುವೆಯಾದ ಮೇಲೆ ಮೊದಲ ಬಾರಿಗೆ ಹೆಂಡತಿ ಪ್ರಭಾ ಅವನನ್ನು ತಲೆಯೆತ್ತಿ ನೋಡತೊಡಗಿದಳು. ಕಾವಲಿಯಿಂದ ಇಳಿದ ಮೊದಲ ದೋಸೆ ಮಗಳು ತನ್ವಿಗೆ ಹೋಗುವುದು ನಿಂತು ಅವನ ತಟ್ಟೆಗೆ ಬೀಳತೊಡಗಿತು. ಆ ದೋಸೆಯನ್ನು ಕಳೆದುಕೊಳ್ಳುವ ಧೈರ್ಯ ಅವನಿಗಿರಲಿಲ್ಲ.

ಮರುವರ್ಷ ಅಂಗಡಿ, ಹೋಟೆಲುಗಳ ಬೋರ್ಡು ಮರಾಠಿಯಲ್ಲೇ ಇರಬೇಕೆಂಬ ಗಲಾಟೆ ಶುರುವಾಯಿತು. ಒಂದು ಭಾನುವಾರ ಬೆಳಿಗ್ಗೆ ಐರೋಲಿಯ ಅವನ ಫ್ಲ್ಯಾಟಿಗೆ ಸಂಘದ ಅಧ್ಯಕ್ಷ, ಹೋಟೆಲು ಮಾಲೀಕ ಹರಿಶ್ಚಂದ್ರರ ಫೋನು ಬಂತು.

"ಮೂರ್ತಿಯವ್ರೇ, ಇವತ್ತು ಭೂಮಿರಕ್ಷಾ ದಳದವ್ರು ನಮ್ಮ ಸಂಘದ ಬೋರ್ಡಿಗೆ ಡಾಂಬರು ಬಳಿಲಿಕ್ಕೆ ಬರ್ತಾರಂತೆ. ಅದ್ರಲ್ಲಿ ಬರೀ ಕನ್ನಡ ಅಕ್ಷರ ಉಂಟಲ್ಲ, ಅದಕ್ಕೆ. ಮರಾಠಿ ಬೋರ್ಡು ಬರೀಲಿಕ್ಕೆ ಕೊಟ್ಟಾಗಿದೆ ಮಾರಾಯ್ರೆ, ಪೇಂಟರ್ ಕೈಕೊಟ್ಟ. ನೀವು ಬಂದು ಬಾಗಿಲಲ್ಲಿ ನಿಂತ್ರೆ ಸಾಕು."

"ನಾನಾ? ನನಗೆ... ಹೊಟ್ಟೆ ಸ್ವಲ್ಪ..."

"ಜಪಾನಿನಲ್ಲಿ ನಿಂತವ್ರಿಗೆ ಡೊಂಬಿವಲಿ ಎಂತ ಲೆಕ್ಕ?" ಎಂದು ಹರಿಶ್ಚಂದ್ರರು ಫೋನಿಟ್ಟರು.

ದಳದ ಮುಖಂಡ ಠೋಂಬರೆ ದಾದಾನ ಹೆಸರು ಕೇಳದವರಿಲ್ಲ. ಹಿಂದಿನ ವಾರ ಅವನ ಹುಡುಗರು ಪಕ್ಕದೂರು ಕಲ್ಯಾಣದ ಸಿಹಿತಿಂಡಿ ಅಂಗಡಿಯೊಂದರ ಗಾಜು ಒಡೆದಿದ್ದರು. ಮಾಲೀಕನ ಕೈಗೆ ಹಾಕಿದ ಪ್ಲಾಸ್ಟರು ಇನ್ನೂ ಬಿಚ್ಚಿರಲಿಲ್ಲ. ಅಷ್ಟರಲ್ಲಿ ಪ್ರಭಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಿಡಿದು ನಿಂತಿದ್ದಳು.

"ಬಿಳಿ ಬೇಡ. ಡಾಂಬರು ಹಾರಿದ್ರೆ ಹೋಗುದಿಲ್ಲ."

"ಇರ್ಲಿ. ಬಿಳಿಯಾದ್ರೆ ದೂರದಿಂದ್ಲೇ ಕಾಣ್ತದೆ. ಅವ್ರಿಗೂ ಗೊತ್ತಾಗ್ಲಿ, ಯಾರು ನಿಂತದ್ದು ಅಂತ."

ಗೊತ್ತಾಗಬಾರದು ಎಂಬುದೇ ಅವನ ಆಸೆಯಾಗಿತ್ತು. ಸೋಫಾದಲ್ಲಿ ಕೂತ ತನ್ವಿ, "ಪಪ್ಪಾ, ಆಪ್ ಡರ್ ರಹೇ ಹೋ ಕ್ಯಾ?" ಎಂದಳು.

"ಅವ್ರು ಹೆದರುದಾ?" ಎಂದು ಪ್ರಭಾ ನಕ್ಕಳು. ಇನ್ನು ಹೆದರುವ ಹಾಗೂ ಇರಲಿಲ್ಲ.

ಪಕ್ಕದ ಫ್ಲ್ಯಾಟಿನ ಶಂಕ್ರೆಪ್ಪ ಚಪ್ಪಲಿ ಮೆಟ್ಟಿ ಸಿದ್ಧನಾಗಿದ್ದ. ಬಾಗಲಕೋಟೆ ಕಡೆಯವನು, ವಿಷ್ಣುಮೂರ್ತಿಯ ಕಂಪನಿಯಲ್ಲೇ ಸ್ಟೋರ್ ಕೀಪರ್. ಗೋಡೆ ತೆಳು, ಅವನ ಕಿವಿ ಚುರುಕು.

"ನಡ್ರಿ ಸರ, ನಾನೂ ಬರ್ತೀನಿ."

"ಹೊಡೆದಾಟ ಆದ್ರೆ ನನ್ನ ಹತ್ರ ನಿಲ್ತೀರಲ್ಲ?"

"ಹೊಡೆದಾಟಕ್ಕ ನಾ ಯಾಕ್ರಿ? ನಾ ನೋಡಾಕ ಬರಾತೀನಿ."

ಥಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ವಿಷ್ಣುಮೂರ್ತಿ ಗುಂಪಿನಲ್ಲಿ ನುಸುಳಿ, ಎದುರು ದಿಕ್ಕಿಗೆ ಹೊರಟ ಗಾಡಿಯ ಮೆಟ್ಟಿಲಿಗೆ ಕಾಲಿಟ್ಟ. ಮುಂಬೈಗೆ ಹೋಗಿ, ಸಂಜೆಯವರೆಗೆ ಸಮುದ್ರ ನೋಡುತ್ತ ಕೂತು, ಗಾಡಿ ತಪ್ಪಿತೆಂದು ಹೇಳಿದರಾಯಿತು. ಶಂಕ್ರೆಪ್ಪ ಅವನ ಅಂಗಿಯ ಕಾಲರಿಗೆ ಕೈಹಾಕಿ ಎಳೆದ.

"ಸರ, ಅದು ಸಿಎಸ್‌ಟಿ ಗಾಡಿ! ಜಗಳದ ಉಮೇದಿನ್ಯಾಗ ನಿಮಗ ದಿಕ್ಕೂ ತಿಳೀವಲ್ದು."

ಡೊಂಬಿವಲಿ ಪೂರ್ವದ ಆ ಬೀದಿ ಭಾನುವಾರದ ಮಟ್ಟಿಗೆ ವಿಚಿತ್ರವಾಗಿ ಖಾಲಿಯಿತ್ತು. ಅಂಗಡಿಗಳ ಶಟರು ಅರ್ಧ ಇಳಿದಿದ್ದವು. ಸಂಘದ ಕಚೇರಿ ಮೊದಲ ಮಹಡಿಯಲ್ಲಿ. ಕೆಳಗೆ ಮೆಟ್ಟಿಲಿನ ಬಾಗಿಲು, ಬಾಗಿಲ ಮೇಲೆ ದಪ್ಪ ಕನ್ನಡ ಅಕ್ಷರದ ಬೋರ್ಡು. ಹರಿಶ್ಚಂದ್ರರು ಕಬ್ಬಿಣದ ಗೇಟಿನ ಒಳಗಿನಿಂದ ಮಾತಾಡಿದರು.

"ಬಂದ್ರಾ? ನೀವು ಹೊರಗೆ ನಿಲ್ಲಿ. ನಾವು ಮೇಲಿಂದ ಬೆಂಬಲ ಕೊಡ್ತೇವೆ."

"ಪೋಲೀಸ್?"

"ಫೋನ್ ಮಾಡಿಯಾಯ್ತು. ಹೊಸ ಸಬ್‌ಇನ್‌ಸ್ಪೆಕ್ಟರು, ನಾಶಿಕದಿಂದ ಮೊನ್ನೆ ಬಂದದ್ದು. 'ಏನಾದ್ರೂ ಆಗ್ಲಿ, ಆಮೇಲೆ ಬರ್ತೇವೆ' ಅಂದ್ರು. ತುಂಬ ಹೇಳಿದ ಮೇಲೆ, 'ಎಲ್ಲರನ್ನೂ ಹಿಡೀಲಿಕ್ಕೆ ಆಗುದಿಲ್ಲ, ಮೋರ್ಚಾದಲ್ಲಿ ಝಂಡಾ ಹಿಡಿದವನೊಬ್ಬನನ್ನು ಎತ್ತಿಕೊಂಡು ಹೋಗ್ತೇವೆ, ಎಲ್ಲ ಕಡೆ ನಮ್ಮ ಪದ್ಧತಿ ಅದೇ' ಅಂದ್ರು." ಆಮೇಲೆ ಗೇಟಿನ ಸಂದಿಯಿಂದ ಒಂದು ಕೈಚೀಲ ಹೊರಗೆ ತಳ್ಳಿದರು. "ಇದು ಸನ್ಮಾನದ ಚೀಲ. ಎಲ್ಲ ಮುಗಿದ ಮೇಲೆ ಇಲ್ಲೇ ನಿಮಗೆ ಸನ್ಮಾನ. ಶಾಲು, ಗಂಧದ ಹಾರ, ತಟ್ಟೆ, ಹಣ್ಣು, ತೆಂಗಿನಕಾಯಿ ಎಲ್ಲ ಉಂಟು."

ಗೇಟಿಗೆ ಬೀಗ ಬಿತ್ತು. ಹರಿಶ್ಚಂದ್ರರು ಮೆಟ್ಟಿಲು ಹತ್ತಿದ ವೇಗಕ್ಕೆ ಅವರ ಮೊಣಕಾಲು ನೋವು ಎಲ್ಲಿ ಹೋಯಿತೋ. ಶಂಕ್ರೆಪ್ಪ ಎದುರು ಬದಿಯ ವಡಾಪಾವ್ ಗಾಡಿಯ ಮರೆಯಲ್ಲಿ ಒಳ್ಳೆಯ ಜಾಗ ಹಿಡಿದ. ವಿಷ್ಣುಮೂರ್ತಿ ಬಿಳಿ ಅಂಗಿಯಲ್ಲಿ, ಸನ್ಮಾನದ ಚೀಲ ಎದೆಗವಚಿಕೊಂಡು, ನಡುಬೀದಿಯಲ್ಲಿ ಒಬ್ಬನೇ ನಿಂತ. ತಾನು ಸತ್ತರೆ ಇದೇ ಹಾರವನ್ನು ಹಾಕುತ್ತಾರಲ್ಲವೇ ಎಂದು ಅವನಿಗೆ ಹೊಳೆಯಿತು.

ಮೊದಲು ಕೂಗು ಕೇಳಿಸಿತು. "ಬೋರ್ಡ್ ಮರಾಠೀತ್ ಪಾಹಿಜೇ!" ಆಮೇಲೆ ಮೂಲೆ ತಿರುಗಿ ಇಪ್ಪತ್ತು ಮೂವತ್ತು ಜನ ಬಂದರು. ಒಬ್ಬನ ಕೈಯಲ್ಲಿ ಡಾಂಬರಿನ ಡಬ್ಬ. ಮುಂದೆ, ಎಮ್ಮೆಯಂಥ ಭುಜದ ಮೇಲೆ ದೊಡ್ಡ ಬಾವುಟ ಹೊತ್ತ ಠೋಂಬರೆ ದಾದಾ. ಅವನು ನೇರ ಬಂದು, ಉಸಿರು ತಾಗುವಷ್ಟು ಹತ್ತಿರ ನಿಂತು, ವಿಷ್ಣುಮೂರ್ತಿಯನ್ನು ಮೇಲಿನಿಂದ ಕೆಳಗೆ ನೋಡಿದ.

"ಕೋಣ್ ರೇ ತೂ?"

ಯಾರು ತಾನು? ಆ ಗಳಿಗೆಯಲ್ಲಿ ವಿಷ್ಣುಮೂರ್ತಿಗೆ ಸ್ವಂತ ಹೆಸರು ಮರೆತುಹೋಗಿತ್ತು. ಮೇಲಿನ ಕಿಟಕಿಯಲ್ಲಿ ಸಾಲಾಗಿ ಕಾಣುತ್ತಿದ್ದ ತಲೆಗಳು ಒಟ್ಟಿಗೇ ಕೆಳಗೆ ಸರಿದವು. ಡಾಂಬರಿನ ಡಬ್ಬದವನು ಮುಚ್ಚಳ ತೆಗೆದ.

ಇಂಥ ಹೊತ್ತಿನಲ್ಲಿ ಬುದ್ಧಿ ಕೆಲಸ ಮಾಡುವುದಿಲ್ಲ, ಅಭ್ಯಾಸ ಕೆಲಸ ಮಾಡುತ್ತದೆ. ಹದಿನೈದು ವರ್ಷ ಸಂಘದ ಸಮಾರಂಭಗಳಲ್ಲಿ ಶಾಲು ಎತ್ತಿಕೊಟ್ಟ ಕೈ ಅದು. ತಾನಾಗಿ ಚೀಲದೊಳಗೆ ಹೋಯಿತು, ಶಾಲು ಕೊಡವಿತು, ಠೋಂಬರೆ ದಾದಾನ ಹೆಗಲಿಗೆ ಹೊದಿಸಿತು. ಗಂಧದ ಹಾರ ಕೊರಳಿಗೆ ಬಿತ್ತು.

ಠೋಂಬರೆ ಶಾಲಿನ ಜರಿಯಂಚನ್ನು ಮುಟ್ಟಿ ನೋಡಿದ. ಹಾರವನ್ನು ಮೂಸಿದ. ಊರೆಲ್ಲ ಹೆದರಿದ್ದರೂ ಈವರೆಗೆ ಯಾರೂ ಅವನಿಗೊಂದು ಶಾಲು ಹೊದಿಸಿರಲಿಲ್ಲ. ದೊಡ್ಡ ಮೀಸೆಯ ಕೆಳಗೆ ನಗೆ ಅರಳಿತು. "ಫೋಟೋ ಕಾಢ್ ರೇ!" ಎಂದು ಹಿಂದಿದ್ದ ಹುಡುಗರಿಗೆ ಕೂಗಿದ. ಮೊಬೈಲುಗಳು ಮೇಲೆದ್ದವು. ಡಾಂಬರಿನ ಡಬ್ಬದ ಮುಚ್ಚಳ ಮುಚ್ಚಿಕೊಂಡಿತು.

ಬದುಕಿದೆ ಎಂದುಕೊಂಡ ವಿಷ್ಣುಮೂರ್ತಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸನ್ಮಾನವೆಂದ ಮೇಲೆ ಫಲತಾಂಬೂಲ ಕೊಡದೆ ಬಿಟ್ಟರೆ ಹೇಗೆ? ಅವನು ಹಣ್ಣಿನ ತಟ್ಟೆಯ ಮೇಲೆ ತೆಂಗಿನಕಾಯಿ ಇಟ್ಟು ಮುಂದೆ ಚಾಚಿದ. ತಟ್ಟೆ ಹಿಡಿಯಲು ಎರಡು ಕೈ ಬೇಕು, ಠೋಂಬರೆಯ ಒಂದು ಕೈಯಲ್ಲಿ ಬಾವುಟ. ಅವನು ಒಂದು ಕೈಯಿಂದ ತಟ್ಟೆ ತೆಗೆದುಕೊಂಡು, ಬಾವುಟವನ್ನು ವಿಷ್ಣುಮೂರ್ತಿಯ ಮುಂದೆ ಹಿಡಿದ.

"ಜರಾ ಧರಾ ಹೋ."

ವಿಷ್ಣುಮೂರ್ತಿ ಎರಡೂ ಕೈಯಲ್ಲಿ ತೆಗೆದುಕೊಂಡು ತಲೆ ಬಗ್ಗಿಸಿದ.

ತಲೆ ಎತ್ತುವಷ್ಟರಲ್ಲಿ ಪೋಲೀಸ್ ವ್ಯಾನು ಬಂದು ನಿಂತಿತ್ತು. ದಳದ ಹುಡುಗರು ಡಬ್ಬದ ಸಮೇತ ಮಾಯವಾದರು. ಹೊಸ ಸಬ್‌ಇನ್‌ಸ್ಪೆಕ್ಟರು ಇಳಿದು ನೋಡಿದರು. ಕನ್ನಡ ಬೋರ್ಡಿನ ಕೆಳಗೆ ಇಬ್ಬರಿದ್ದರು. ಒಬ್ಬ ಶಾಲು, ಹಾರ, ಫಲತಾಂಬೂಲದ ಗಣ್ಯ. ಇನ್ನೊಬ್ಬ ದಳದ ಬಾವುಟ ಹಿಡಿದು ಗಡಗಡ ನಡುಗುತ್ತಿರುವ ಆಸಾಮಿ.

ಅವರು ಠೋಂಬರೆಗೆ ಸಲಾಮು ಹೊಡೆದು, "ಅಧ್ಯಕ್ಷ ಸಾಹೇಬ್, ಘಾಬರೂ ನಕಾ" ಎಂದು ಧೈರ್ಯ ಹೇಳಿದರು. ಜೊತೆಗಿದ್ದ ಊರಿನ ಕಾನ್‌ಸ್ಟೇಬಲ್‌ಗೆ ಠೋಂಬರೆ ಯಾರೆಂದು ಗೊತ್ತಿತ್ತು. ಅದಕ್ಕೇ ಅವನು ಆಕಾಶ ನೋಡಿದ. ಆಮೇಲೆ ವಿಷ್ಣುಮೂರ್ತಿಯ ಬಿಳಿ ಕಾಲರಿಗೆ ಕೈಬಿತ್ತು.

"ಸಾಹೇಬ್, ನಾನು ಸಂಘದವ! ಮೇಲೆ ಕೇಳಿ ನೋಡಿ!"

ಇನ್‌ಸ್ಪೆಕ್ಟರು ಮೇಲೆ ನೋಡಿ, "ಯೇ ಆಪ್‌ಕಾ ಆದ್ಮೀ ಹೈ ಕ್ಯಾ?" ಎಂದು ಕೂಗಿದರು. ಕಿಟಕಿಯಲ್ಲಿ ಹರಿಶ್ಚಂದ್ರರ ಕಣ್ಣು, ಮೂಗು ಇಷ್ಟಿಷ್ಟೇ ಮೇಲೆ ಬಂದವು. ಹೌದೆನ್ನೋಣವೆಂದರೆ ಠೋಂಬರೆ ತಟ್ಟೆ ಹಿಡಿದು ಅವರನ್ನೇ ನೋಡುತ್ತಿದ್ದಾನೆ. ಹರಿಶ್ಚಂದ್ರರ ತಲೆ ಅತ್ತಿಂದಿತ್ತ ಆಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದಾದರೂ ಉಂಟು, ಇಲ್ಲಿ ಎಮ್ಮೆಗೆ ಶಾಲು ಹೊದಿಸಿ ಎತ್ತನ್ನು ವ್ಯಾನಿಗೆ ಹತ್ತಿಸಿದರು.

ಪೋಲೀಸ್ ಠಾಣೆಯ ಬೆಂಚಿನಲ್ಲಿ ಅವನು ಸಂಜೆಯವರೆಗೆ ಕೂತ. ಬಾಗಿಲು ಕಿರ್ರೆಂದಾಗಲೆಲ್ಲ ಲಾಠಿಯೇ ಬಂತೆಂದು ಕಣ್ಣು ಮುಚ್ಚಿದ. ಹೆದರಿ ತೊದಲಿದ ಅವನ ಮರಾಠಿ ಕೇಳಿ ಇನ್‌ಸ್ಪೆಕ್ಟರಿಗೆ ರೇಗಿತು. ಮರಾಠಿಗಾಗಿ ಮೋರ್ಚಾ, ಬಾಯಲ್ಲಿ ಮರಾಠಿಯೇ ಇಲ್ಲ, ಬಾಡಿಗೆಗೆ ಬಂದ ಗಿರಾಕಿಯೇ ಸರಿ ಎಂದು ತೀರ್ಮಾನಿಸಿದರು.

ಬಿಡಿಸಲು ಸಂಘದಿಂದ ಯಾರೂ ಬರಲಿಲ್ಲ. ಬಂದದ್ದು ಠೋಂಬರೆ, ಶಾಲು ಹೊದ್ದುಕೊಂಡೇ. "ಗರೀಬ ಮನುಷ್ಯ, ನಾವು ಕ್ಷಮಿಸಿದ್ದೇವೆ, ಬಿಟ್ಟುಬಿಡಿ" ಎಂದು ಮರಾಠಿಯಲ್ಲಿ ಹೇಳಿದ. ಇನ್‌ಸ್ಪೆಕ್ಟರು ಬೆರಗಾಗಿ ವಿಷ್ಣುಮೂರ್ತಿಯ ಕಡೆ ತಿರುಗಿದರು. "ನೋಡು, ಕಾನಡಿ ಸಂಘದ ಅಧ್ಯಕ್ಷರು ಎಷ್ಟು ಚಂದ ಮರಾಠಿ ಮಾತಾಡ್ತಾರೆ! ಇವರಿಂದ ಕಲಿ!"

ಹೊರಗೆ ಬಂದ ಮೇಲೆ ಠೋಂಬರೆ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಹಾಕಿದ. ಹೆಗಲು ಕುಸಿಯಿತು. "ಪೋಲೀಸರು ಎತ್ತಿಕೊಂಡು ಹೋಗ್ತಾರೆಂದು ನಮ್ಮ ಹುಡುಗರು ಯಾರೂ ಝಂಡಾ ಮುಟ್ಟೋದಿಲ್ಲ. ಕೊನೆಗೆ ನಾನೇ ಹೊರಬೇಕು. ನೀನು ಧೈರ್ಯಸ್ಥ, ಎರಡೂ ಕೈಯಲ್ಲಿ ಹಿಡಿದೆ. ಮುಂದಿನ ಭಾನುವಾರ ಭಿವಂಡಿಯಲ್ಲಿ ನಮ್ಮ ಮೋರ್ಚಾ, ಝಂಡಾ ನಿನ್ನದೇ. ಐರೋಲಿಯಲ್ಲಿ ನಿನ್ನ ಮನೆ ಎಲ್ಲಿ ಅಂತ ಹುಡುಗರು ಪತ್ತೆ ಮಾಡಿದ್ದಾರೆ. ನಾವೇ ಬಂದು ಕರ್ಕೊಂಡು ಹೋಗ್ತೇವೆ."

ವಿಷ್ಣುಮೂರ್ತಿ ಐರೋಲಿಗೆ ಹೇಗೆ ಬಂದನೋ ಅವನಿಗೇ ತಿಳಿಯದು. ದಾರಿಯುದ್ದಕ್ಕೂ ಒಂದೇ ನಿರ್ಧಾರ ಮಾಡಿಕೊಂಡಿದ್ದ. ಪ್ರಭಾಳಿಗೆ ಎಲ್ಲ ಹೇಳಿಬಿಡುವುದು, ಗೋಳಿಬಜೆಯಿಂದ ಹಿಡಿದು. ದೋಸೆ ಹೋದರೆ ಹೋಗಲಿ. ಬಾಗಿಲು ತೆರೆದವಳ ಮುಖ ಹೊಳೆಯುತ್ತಿತ್ತು.

"ಪ್ರಭಾ, ಒಂದು ವಿಷಯ ಹೇಳ್ಬೇಕು..."

"ಎಲ್ಲ ಗೊತ್ತಾಯ್ತು! ಹರಿಶ್ಚಂದ್ರರು ಫೋನ್ ಮಾಡಿದ್ರು. ನೀವು ಅವರ ಕೈಯಿಂದ ಬಾವುಟವನ್ನೇ ಕಿತ್ಕೊಂಡ್ರಂತಲ್ಲ! ಬೋರ್ಡಿಗೆ ಒಂದು ಹನಿ ಡಾಂಬರು ಬೀಳ್ಲಿಲ್ಲಂತೆ. ಶಂಕ್ರೆಪ್ಪನವ್ರು ಕಣ್ಣಾರೆ ನೋಡಿದ್ದಂತೆ, ಇಡೀ ಬಿಲ್ಡಿಂಗಿಗೆ ಹೇಳಿಯಾಯ್ತು. ಈಗಷ್ಟೇ ಭಿವಂಡಿ ಕನ್ನಡ ಸಂಘದಿಂದ್ಲೂ ಫೋನ್ ಬಂತು. ಮುಂದಿನ ಭಾನುವಾರ ಅವರ ಬೋರ್ಡಿಗೂ ಮೋರ್ಚಾ ಬರ್ತದಂತೆ. ಬಾಗಿಲಲ್ಲಿ ನಿಲ್ಲಿಕ್ಕೆ ನೀವೇ ಬೇಕಂತೆ. ಬರ್ತಾರೆ ಅಂತ ಹೇಳಿಬಿಟ್ಟೆ."

ವಿಷ್ಣುಮೂರ್ತಿ ಗೋಡೆಗೆ ಒರಗಿದ. ಒಂದು ಕಡೆ ಬಾಗಿಲಲ್ಲಿ ನಿಂತು ಕಾಯಬೇಕು, ಇನ್ನೊಂದು ಕಡೆ ಬಾವುಟ ಹಿಡಿದು ಅದೇ ಬಾಗಿಲಿಗೆ ನುಗ್ಗಬೇಕು. ಯಾವ ಕಡೆ ನಿಂತರೂ ವ್ಯಾನು ಹತ್ತುವವನು ತಾನೇ.

"ಎಂತ ಹೇಳ್ಬೇಕು ಅಂದ್ರಲ್ಲ?" ಎಂದು ಪ್ರಭಾ ಕೇಳಿದಳು. ಕಾವಲಿ ಆಗಲೇ ಒಲೆಯ ಮೇಲಿತ್ತು. ರಾತ್ರಿ ಊಟಕ್ಕೂ ದೋಸೆಯೇ. ಮೊದಲನೆಯದು ಅವನ ತಟ್ಟೆಗೆ ಬಿತ್ತು, ತುಪ್ಪದ ಸಮೇತ.

"ಅಂಗಿ," ಎಂದ ವಿಷ್ಣುಮೂರ್ತಿ ಕೊನೆಗೆ. "ಮುಂದಿನ ವಾರ ಕಪ್ಪು ಅಂಗಿ ಕೊಡು."

"ಛೆ, ಬಿಳಿಯದ್ದೇ ಹಾಕಿ. ಬರೀ ಕಾಲರ್ ಒಂದು ಮುದುರಿದೆ, ಇಸ್ತ್ರಿ ಹಾಕಿದ್ರೆ ಆಯ್ತು" ಎಂದಳು ಪ್ರಭಾ.